ಮಳೆ ಇರುವಾಗ ಮಳೆಯ ಪಾಠ: ಶಿವಮೊಗ್ಗ ಜಿಲ್ಲೆಯ ಶಿಕ್ಷಣ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರೇ, ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಹಿರಿಯರೇ, ಏಳೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ನಮಸ್ಕಾರ. ಪ್ರತಿ ವರ್ಷ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ನಾವು ಶಿಕ್ಷಕರು ವಾರ್ಷಿಕ ಪಾಠ ಹಂಚಿಕೆ ಬರೆದಿಡುತ್ತೇವೆ. ಜೂನ್‌ಗೆ ಇಷ್ಟು ಪಾಠ, ಜುಲೈಗೆ ಇಷ್ಟು, ದಸರಾ ರಜೆಯೊಳಗೆ ಇಷ್ಟು ಅಂತ. ಪುಸ್ತಕದಲ್ಲಿ ಪಾಠಗಳು ಯಾವ ಸಾಲಿನಲ್ಲಿವೆಯೋ ಹಂಚಿಕೆಯೂ ಅದೇ ಸಾಲಿನಲ್ಲಿ ಹೋಗುತ್ತದೆ. ಗಣಿತಕ್ಕೆ ಇದು ಸರಿ. ಕೂಡುವುದು ಬಾರದವರಿಗೆ ಗುಣಿಸುವುದು ಹೇಳಿಕೊಡಲು ಆಗುವುದಿಲ್ಲ. ಆದರೆ ಒಂದರಿಂದ ಐದನೇ ತರಗತಿಯವರೆಗಿನ ಪರಿಸರ ಅಧ್ಯಯನಕ್ಕೆ, ಅಂದರೆ ಚಿಕ್ಕ ಮಕ್ಕಳ ವಿಜ್ಞಾನಕ್ಕೆ, ಈ ಸಾಲು ಮಲೆನಾಡಿನಲ್ಲಿ ಹೊಂದುವುದಿಲ್ಲ.

ನಾನು ಕೇಳುವುದು ಇಷ್ಟು. ಪಾಠಗಳು ಅವೇ ಇರಲಿ, ಕಲಿಕಾ ಫಲಗಳೂ, ಅಂದರೆ ಪಾಠದಿಂದ ಮಗು ಕಲಿತಿರಬೇಕಾದದ್ದೂ, ಅವೇ ಇರಲಿ. ಯಾವ ಪಾಠ ಯಾವ ತಿಂಗಳಲ್ಲಿ ಎಂಬುದನ್ನು ನಮ್ಮೂರಿನ ಮಳೆ, ಗದ್ದೆ, ತೋಟ, ಕಾಡು ನೋಡಿಕೊಂಡು ನಾವೇ ಗೊತ್ತುಮಾಡಲು ಬಿಡಿ. ಬಿಟ್ಟಿದ್ದೇವೆ ಎಂಬುದನ್ನು ಬರವಣಿಗೆಯಲ್ಲಿ ಕೊಡಿ.

ಬರವಣಿಗೆ ಯಾಕೆ ಬೇಕು ಅಂದರೆ, ಬಾಯಿಮಾತಿನಲ್ಲಿ ಎಲ್ಲರೂ ಇದನ್ನು ಒಪ್ಪುತ್ತಾರೆ. ತರಬೇತಿಗಳಲ್ಲಿ "ಸ್ಥಳೀಯ ಪರಿಸರ ಬಳಸಿ" ಅಂತ ಹೇಳದ ದಿನವಿಲ್ಲ. ಆದರೆ ಶಾಲೆಗೆ ಭೇಟಿಗೆ ಬಂದವರು ಕೇಳುವ ಮೊದಲ ಪ್ರಶ್ನೆ "ಎಷ್ಟನೇ ಪಾಠದಲ್ಲಿದ್ದೀರಿ?" ಒಮ್ಮೆ ಹೀಗೆ ಬಂದಿದ್ದ ಅಧಿಕಾರಿಯೊಬ್ಬರು, ಎರಡನೇ ಪಾಠ ಮುಗಿಸದೆ ಏಳನೇ ಪಾಠ ತೆಗೆದುಕೊಂಡಿದ್ದೀರಿ ಎಂದು ಭೇಟಿ ಪುಸ್ತಕದಲ್ಲಿ ಬರೆದು ಹೋದರು. ಏಳನೇ ಪಾಠದಲ್ಲಿದ್ದ ಪ್ರಾಣಿ ಆ ಹೊತ್ತಿಗೆ ತರಗತಿಯ ಟಬ್ಬಿನಲ್ಲೇ ಈಜುತ್ತಿತ್ತು. ಅವರದ್ದೂ ತಪ್ಪಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಆ ಪ್ರಾಣಿ ಗೊದಮೊಟ್ಟೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಕಪ್ಪೆಗಳು ಕೂಗಲು ಶುರುಮಾಡುತ್ತವೆ. ಜೂನ್ ಕಳೆಯುವುದರೊಳಗೆ ರಸ್ತೆ ಪಕ್ಕದ ಗುಂಡಿ, ಗದ್ದೆಯ ಅಂಚು, ಶಾಲೆಯ ಹಿಂದಿನ ಕಾಲುವೆ ಎಲ್ಲ ಕಡೆ ಗೊದಮೊಟ್ಟೆಗಳು. ಅಗಲ ಬಾಯಿಯ ಟಬ್ಬಿನಲ್ಲಿ ಅದೇ ಗುಂಡಿಯ ನೀರು, ಸ್ವಲ್ಪ ಪಾಚಿ, ಹತ್ತಿ ಕೂರಲು ಒಂದು ಕಲ್ಲು ಇಟ್ಟು ನಾಲ್ಕೈದು ಮರಿ ಬಿಟ್ಟರೆ ಸಾಕು. ಮೊದಲು ಹಿಂಗಾಲು ಬರುತ್ತದೆ, ಆಮೇಲೆ ಮುಂಗಾಲು, ಬಾಲ ದಿನದಿನಕ್ಕೆ ಮೋಟಾಗುತ್ತದೆ. ಮಕ್ಕಳು ದಿನಾ ನೋಡಿ ಚಿತ್ರ ಬರೆಯುತ್ತಾರೆ. ಬಾಲ ಉದುರಿ ಬೀಳುತ್ತದಾ, ಒಳಗೇ ಕರಗುತ್ತದಾ ಎಂದು ಜಗಳ ಆಡುತ್ತಾರೆ. ಟಬ್ಬಿನ ತಳದಲ್ಲಿ ಬಿದ್ದ ಬಾಲ ಹುಡುಕುತ್ತಾರೆ, ಸಿಗುವುದಿಲ್ಲ. ಅದೇ ಉತ್ತರ. ಪೂರ್ತಿ ಕಪ್ಪೆಯಾದ ಮೇಲೆ ತಂದಲ್ಲಿಗೇ ಒಯ್ದು ಬಿಡುತ್ತೇವೆ. ಇದೇ ಪಾಠವನ್ನು ಜನವರಿಯಲ್ಲಿ ಮಾಡಿ ಎಂದರೆ ಗೋಡೆಯ ಚಾರ್ಟ್ ಒಂದೇ ಗತಿ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಆರು ತಿಂಗಳ ಹಿಂದೆ ನೂರಾರು ಸಲ ಕಂಡದ್ದನ್ನು ಆಗ ಚಿತ್ರದಲ್ಲಿ ತೋರಿಸಬೇಕು.

ಆವಿಯಾಗುವಿಕೆಯ ಪಾಠದ ಕಥೆ ಇದಕ್ಕೆ ಉಲ್ಟಾ. ಒದ್ದೆ ಬಟ್ಟೆ ಹರವಿ, ಒಣಗುವುದನ್ನು ನೋಡಿ ಎಂದು ಚಟುವಟಿಕೆ ಕೊಟ್ಟಿರುತ್ತದೆ. ಜುಲೈಯಲ್ಲಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬಟ್ಟೆ ಹರವಿ ನೋಡಿ. ಮೂರು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ ಅಷ್ಟೇ. ಮಕ್ಕಳ ಯೂನಿಫಾರ್ಮನ್ನು ತಾಯಂದಿರು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ಕಳಿಸುವ ಕಾಲ ಅದು. ಈ ಪಾಠ ಮಾರ್ಚ್‌ಗೆ ಹೋಗಬೇಕು. ಹಲಸಿನಕಾಯಿ ಹಪ್ಪಳದ ಕಾಲ. ಹಸಿ ಹಪ್ಪಳ ತೂಗಿ, ಬಿಸಿಲಿಗೆ ಹಾಕಿ, ಸಂಜೆ ಮತ್ತೆ ತೂಗಿದರೆ ಎಷ್ಟು ನೀರು ಹೋಯಿತು ಎಂದು ತಕ್ಕಡಿಯೇ ಹೇಳುತ್ತದೆ. ಜುಲೈಗೆ ಹೇಳಿಮಾಡಿಸಿದ ಪಾಠ ಬೂಷ್ಟಿನದು. ದೋಸೆ ಚೂರು, ರೊಟ್ಟಿ ಚೂರು, ಚಪ್ಪಲಿಯ ಪಟ್ಟಿ, ಬೆಲ್ಟು, ಎಲ್ಲದರ ಮೇಲೂ ಬೂಷ್ಟು ತಾನಾಗೇ ಬರುತ್ತದೆ. ಮುಚ್ಚಳ ಹಾಕಿದ ಡಬ್ಬಿಯಲ್ಲಿ ಇಟ್ಟು, ತೆರೆಯದೆ, ಭೂತಗನ್ನಡಿಯಲ್ಲಿ ಹೊರಗಿನಿಂದ ನೋಡಬಹುದು. ಅಡಿಕೆಗೆ ಕೊಳೆ ರೋಗ ಬರುವುದೂ ಇದೇ ತಿಂಗಳುಗಳಲ್ಲಿ. ಹಿಂದೆ ಯಾಕೆ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು, ಈಗ ಯಾಕೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ ಎಂದು ಮನೆಯಲ್ಲಿ ಕೇಳಿ ಬನ್ನಿ ಅಂದರೆ, ಮಕ್ಕಳು ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನೂ ತರುತ್ತಾರೆ. ಆ ಡ್ರಮ್ಮಿನ ಹತ್ತಿರ ಹೋಗಬಾರದು ಎಂಬ ಎಚ್ಚರಿಕೆಯೂ ಪಾಠದ ಜೊತೆಗೇ ಸೇರುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದೇ ಜಿಲ್ಲೆಯ ಶಿಕಾರಿಪುರ, ಭದ್ರಾವತಿ ಕಡೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಗೆ ಒಂದೇ ಹಂಚಿಕೆ ಎಂಬುದು ಇಲ್ಲೇ ಮುರಿದು ಬೀಳುತ್ತದೆ ಅಲ್ವಾ? ಹಾಗಾಗಿ ಹಂಚಿಕೆ ಹೋಬಳಿ ಮಟ್ಟದಲ್ಲೋ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲೋ ಆಗಬೇಕು.

ಮಳೆ ಅಳೆಯಲು ದುಡ್ಡು ಬೇಡ. ತಳ ಮಟ್ಟಸವಾಗಿದ್ದು, ಬಾಯಿಯೂ ಹೊಟ್ಟೆಯೂ ಒಂದೇ ಅಗಲ ಇರುವ ಪಾರದರ್ಶಕ ಡಬ್ಬಿ ಒಂದು ಬೇಕು. ಸೂರಿನ ನೀರು, ಮರದ ಹನಿ ಬೀಳದ ಕಡೆ ಇಡಬೇಕು. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ನಾವು ಪ್ರಾರ್ಥನೆಗೆ ಮುಂಚೆ ಅಳೆಯೋಣ. ಒಂದನೇ ತರಗತಿ ಮಗುವಿಗೆ ಮಿಲಿಮೀಟರ್ ಲೆಕ್ಕ ಬೇಡ. ಡಬ್ಬಿಯಲ್ಲಿ ನೀರು ಎಷ್ಟೆತ್ತರ ನಿಂತಿದೆಯೋ ಅಷ್ಟುದ್ದದ ಕಾಗದದ ಪಟ್ಟಿ ಕತ್ತರಿಸಿ, ತಾರೀಕು ಬರೆದು ಗೋಡೆಗೆ ಅಂಟಿಸಲಿ. ಎರಡು ವಾರ ಕಳೆದರೆ ಗೋಡೆಯ ಮೇಲೆ ಸ್ತಂಭಾಲೇಖವೇ ಎದ್ದಿರುತ್ತದೆ, ಆ ಹೆಸರು ಕಲಿಯುವ ಎಷ್ಟೋ ವರ್ಷ ಮುಂಚೆಯೇ. ನಾಲ್ಕು, ಐದನೇ ತರಗತಿಯವರು ಸ್ಕೇಲ್ ಹಿಡಿದು ಮಿಲಿಮೀಟರ್ ಬರೆದುಕೊಳ್ಳಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಮಾಡಿನ ಮೇಲೆ 100 ಮಿಲಿಮೀಟರ್ ಬಿದ್ದ ದಿನ 4,800 ಲೀಟರ್ ಹರಿದುಹೋಗಿರುತ್ತದೆ. ಈ ಲೆಕ್ಕ ಮಾಡಿದ ಮಗು ಏಪ್ರಿಲ್‌ನಲ್ಲಿ ಶಾಲೆಯ ಬಾವಿ ಯಾಕೆ ಬತ್ತಿತು ಎಂದು ಕೇಳದೆ ಇರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಆ ಅಂಕಿ ತಂದು ನಮ್ಮ ಡಬ್ಬಿಯ ಅಂಕಿಯ ಪಕ್ಕ ಇಟ್ಟರೆ ಎರಡೂ ಯಾಕೆ ಪೂರ್ತಿ ಹೊಂದುವುದಿಲ್ಲ ಎಂಬ ಚರ್ಚೆಗೇ ಒಂದು ದಿನ ಬೇಕಾಗುತ್ತದೆ.

ಮಳೆಗಾಲದ ಹಂಚಿಕೆಯನ್ನು ತಿಂಗಳ ಬದಲು ಮಳೆ ನಕ್ಷತ್ರದ ಹೆಸರಿನಲ್ಲಿ ಬರೆಯಲು ಬಿಟ್ಟರೆ ಇನ್ನೂ ಸಂತೋಷ. ಮೃಗಶಿರಾ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ 21–22ರ ಹೊತ್ತಿಗೆ, ಹೀಗೆ ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೊಂದು. ಇದರಲ್ಲಿ ಜ್ಯೋತಿಷ್ಯ ಏನೂ ಇಲ್ಲ. ಸೂರ್ಯ ಯಾವ ನಕ್ಷತ್ರಗಳ ನೇರಕ್ಕೆ ಇದ್ದಾನೆ ಎಂದು ನೋಡಿ ವರ್ಷವನ್ನು 27 ಪಾಲು ಮಾಡಿದ ಲೆಕ್ಕ. ಎರಡು ವಾರಕ್ಕೊಂದು ಪಾಠ ಎಂಬ ನಮ್ಮ ಅಳತೆಗೂ ಸರಿಹೊಂದುತ್ತದೆ. ಅಜ್ಜಿಯಂದಿರಿಗೆ ಈ ಕ್ಯಾಲೆಂಡರ್ ಬಾಯಿಪಾಠ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂತ ಅವರು ಹೇಳುತ್ತಾರೆ. ಮಘೆಯಲ್ಲಿ ನಿಜವಾಗಿ ಎಷ್ಟು ಬಂತು, ಪುಷ್ಯದಲ್ಲಿ ಎಷ್ಟು ಬಂದಿತ್ತು ಎಂದು ಮೊಮ್ಮಕ್ಕಳು ಗೋಡೆಯ ಪಟ್ಟಿ ನೋಡಿ ಹೇಳಲಿ. ಹಿರಿಯರ ಮಾತನ್ನು ಗೌರವದಿಂದ ಕೇಳಿ, ಅಳೆದು ನೋಡುವುದು. ಏಳು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ನನಗೆ ಗೊತ್ತಿಲ್ಲ.

ಭತ್ತದ ವಿಷಯದಲ್ಲಿ ಒಂದು ತೊಡಕಿದೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಇರುತ್ತದೆ. ಬಸುರಿ ಭೂಮಿಗೆ ಬಯಕೆ ಹಾಕುವ ಹಬ್ಬ ಎಂದು ನಮ್ಮ ಕಡೆ ರಾತ್ರಿಯೆಲ್ಲ ಅಡುಗೆ ಮಾಡಿ ಗದ್ದೆಗೆ ಒಯ್ಯುತ್ತಾರೆ. ಸಾಗರ, ಸೊರಬದ ಕಡೆ ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ಹೋಗುತ್ತಾರೆ. ಹೂವು, ಕಾಳು, ಬೀಜದ ಪಾಠಕ್ಕೆ ಇದಕ್ಕಿಂತ ಸರಿಯಾದ ದಿನ ಇಲ್ಲ. ಆದರೆ ಅದು ವಿಜಯದಶಮಿಯಾಗಿ ಐದು ದಿನಕ್ಕೆ ಬರುತ್ತದೆ, ಸಾಮಾನ್ಯವಾಗಿ ದಸರಾ ರಜೆಯೊಳಗೇ. ಆದ್ದರಿಂದ ಅದನ್ನು ರಜೆಯ ಮನೆಗೆಲಸವಾಗಿ ಕೊಡಬೇಕು. ಮನೆಯವರನ್ನು ಕೇಳಿ ಒಂದೇ ಒಂದು ಹೊಡೆ ಬಿಡಿಸಿ ಒಳಗಿನ ತೆನೆ ನೋಡುವುದು, ತೆನೆ ಹೊರಬಂದ ಮೇಲೆ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಭತ್ತದ ಪುಟ್ಟ ಹೂ ಬಿರಿಯುವುದನ್ನು ಕಾದು ನೋಡುವುದು, ಇಷ್ಟೇ. ಕಾಪಿ ಬರೆದು ತನ್ನಿ ಎನ್ನುವುದಕ್ಕಿಂತ ಇದು ಎಷ್ಟೋ ವಾಸಿ.

ನವೆಂಬರಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಮೊದಲು ಗುರುತಿಸಿದ ಕಾಯಿಲೆ ನಮ್ಮ ಜಿಲ್ಲೆಯ ಹೆಸರನ್ನು ಜಗತ್ತಿನ ವೈದ್ಯ ಪುಸ್ತಕಗಳಿಗೆ ಸೇರಿಸಿದೆ. ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಅದು ಜಾಸ್ತಿಯಾಗುವುದು ಡಿಸೆಂಬರಿನಿಂದ ಮೇವರೆಗೆ, ಅದನ್ನು ಹರಡುವ ಉಣುಗಿನ ಮರಿಗಳು ಒಣ ಎಲೆಯ ನಡುವೆ ಓಡಾಡುವ ಕಾಲದಲ್ಲಿ. ನಮ್ಮ ಮನೆಗಳಲ್ಲಿ ಕೊಟ್ಟಿಗೆಗೆ ದರಕು (ಒಣ ಎಲೆ) ತರಲು, ಸೌದೆ ತರಲು ಬೆಟ್ಟಕ್ಕೆ ಹೋಗುವುದೂ ಅದೇ ಕಾಲದಲ್ಲಿ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹೀಗಿರುವಾಗ ಆರೋಗ್ಯದ ಪಾಠ, ಹುಳುಗಳ ಪಾಠ ಎರಡನ್ನೂ ನವೆಂಬರಿಗೆ ತಂದು ಒಟ್ಟಿಗೆ ಮಾಡಬೇಕು.

ಏನು ಕಲಿಸಬೇಕು ಎಂಬುದೂ ಸರಳ. ಕೀಟಕ್ಕೆ ಆರು ಕಾಲು. ಜೇಡಕ್ಕೆ ಎಂಟು. ದೊಡ್ಡ ಉಣುಗಿಗೂ ಎಂಟು, ಅದು ಜೇಡದ ಕಡೆಯ ಜೀವಿ. ಉಣುಗನ್ನು ತರಗತಿಗೆ ತರುವುದು ಬೇಡವೇ ಬೇಡ. ಗೋಡೆಯ ಜೇಡ ನೋಡಿ, ಉಣುಗಿನ ದೊಡ್ಡ ಚಿತ್ರ ನೋಡಿ ಕಾಲು ಎಣಿಸಲಿ. ಮರಿ ಉಣುಗು ಎಷ್ಟು ಸಣ್ಣದು ಎಂದು ಕಾಗದದ ಮೇಲೆ ಪೆನ್ಸಿಲ್ ಚುಕ್ಕಿ ಇಟ್ಟು ತೋರಿಸಿದರೆ, ಕಣ್ಣಿಗೆ ಕಾಣದೆ ಹೇಗೆ ಮೈಗೆ ಹತ್ತುತ್ತದೆ ಎಂಬುದು ತಾನಾಗೇ ತಿಳಿಯುತ್ತದೆ. ಬೆಟ್ಟಕ್ಕೆ ಹೋಗುವ ಮುಂಚೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳುವುದು, ಮೈ ಮುಚ್ಚುವ ಬಟ್ಟೆ, ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ದೊಡ್ಡವರಿಗೋ ಆಶಾ ಕಾರ್ಯಕರ್ತೆಗೋ ಹೇಳುವುದು. ಜ್ವರ ಬಂದರೆ ಮುಚ್ಚಿಡದೆ ಆಸ್ಪತ್ರೆಗೆ ಹೋಗುವುದು. ಇನ್ನೊಂದು ಮಾತು ಮರೆಯಬಾರದು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದ ಮನೆಯ ಮಗುವಿನ ಪಕ್ಕ ಯಾರೂ ಕೂರದೆ ಇರುವುದು ನಿಂತರೆ, ಆ ಒಂದು ಪಾಠಕ್ಕೇ ಇಡೀ ವರ್ಷದ ಶ್ರಮ ಸಾರ್ಥಕ. ದಯವಿಟ್ಟು ಆರೋಗ್ಯ ಇಲಾಖೆಯವರ ಜೊತೆ ಮಾತಾಡಿ, ಪ್ರತಿ ಕ್ಲಸ್ಟರಿಗೂ ನವೆಂಬರಿನಲ್ಲಿ ಒಬ್ಬರು ಬಂದು ಹೋಗುವ ವ್ಯವಸ್ಥೆ ಮಾಡಿ.

ಆಕಾಶದ ಪಾಠಗಳನ್ನು ಡಿಸೆಂಬರ್ ಬಂದ ಮೇಲೆಯೇ ಇಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸೂರ್ಯನೂ ಅಪರೂಪ, ಚಂದ್ರನೂ ಅಪರೂಪ. ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದ ದಿನದ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ, ಮಕ್ಕಳಿಗೆ ತೋರಿಸಿ ಎಂದು ಸಂದೇಶವೂ ಬರುತ್ತದೆ. ಶಿವಮೊಗ್ಗದ ಅಕ್ಷಾಂಶಕ್ಕೆ ಆ ದಿನಗಳು ಬೀಳುವುದು ಏಪ್ರಿಲ್ ಕೊನೆಯ ವಾರ, ಆಗಸ್ಟ್ ಮಧ್ಯ. ಒಂದು ಬೇಸಿಗೆ ರಜೆಯಲ್ಲಿ ಹೋಗುತ್ತದೆ, ಇನ್ನೊಂದು ಮೋಡದಲ್ಲಿ. ನಮಗೆ ಸಿಗುವುದು ಡಿಸೆಂಬರಿನಿಂದ ಮಾರ್ಚ್‌ವರೆಗಿನ ನೆರಳು. ಅದೂ ಕಡಿಮೆಯದೇನಲ್ಲ. ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಟ್ಟಗೆ ನೆಟ್ಟರೆ, ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನ ನೆರಳು ಹತ್ತಿರ ಹತ್ತಿರ 76 ಸೆಂಟಿಮೀಟರ್. ಮಾರ್ಚ್ 21ಕ್ಕೆ ಅದು 25ಕ್ಕೆ ಇಳಿದಿರುತ್ತದೆ. ವಾರಕ್ಕೊಂದು ಸಲ ನೆರಳಿನ ತುದಿಗೆ ಕಲ್ಲು ಇಟ್ಟರೆ ಕಲ್ಲಿನ ಸಾಲು ಕೋಲಿನ ಕಡೆ ನಡೆದು ಬರುತ್ತದೆ. ಅಳೆಯುವಾಗ ಒಂದು ವಿಷಯ ನೆನಪಿರಲಿ: ನಮ್ಮ ಜಿಲ್ಲೆಯಲ್ಲಿ ಸೂರ್ಯ ನೆತ್ತಿಯ ಹತ್ತಿರ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆ ಸುಮಾರಿಗೆ. ದೇಶದ ಗಡಿಯಾರ ನಮಗಿಂತ ಪೂರ್ವದ ರೇಖೆಯದ್ದು. ಬಿಸಿಯೂಟದ ಗಂಟೆಗೆ ಸ್ವಲ್ಪ ಮುಂಚೆ ಹೊರಗೆ ಹೋದರೆ ಸಾಕು. ಚಂದ್ರನಿಗೂ ರಾತ್ರಿ ಕಾಯಬೇಕಿಲ್ಲ. ಹುಣ್ಣಿಮೆ ಕಳೆದ ವಾರದಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮದಲ್ಲಿ ಇನ್ನೂ ಇರುತ್ತಾನೆ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಬಣ್ಣದ ಪಾಠ ಚೆನ್ನ. ಸುಲಿಯುವ ಮನೆಯ ಮಕ್ಕಳ ಬೆರಳುಗಳಲ್ಲೇ ಚೊಗರಿನ (ಅಡಿಕೆಯ ಕಂದು ರಸದ) ಬಣ್ಣ ಇರುತ್ತದೆ. ಅರಿಸಿನಕ್ಕೆ ಸುಣ್ಣದ ನೀರು ತಾಗಿಸಿದರೆ ಕೆಂಪು, ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣವನ್ನು ಟೀಚರೇ ಮುಟ್ಟಲಿ, ಮಕ್ಕಳು ನೋಡಲಿ. ಪ್ರವಾಸದ ಬಗ್ಗೆಯೂ ಒಂದು ಮಾತು. ಡಿಸೆಂಬರಿನಲ್ಲೇ ಪ್ರವಾಸ ಎಂಬ ರೂಢಿಯಿಂದಾಗಿ ಹಕ್ಕಿಗೂಡು ನೋಡುವ ಅವಕಾಶ ತಪ್ಪುತ್ತಿದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಹೊಳೆಗೆ ಇಳಿಯದೆ, ದಡದ ಮೇಲಿನಿಂದಲೇ ನೋಡಬಹುದು. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಒಂದು ದಿನ ಅರ್ಧ ದಿನದ ಹೊರಸಂಚಾರಕ್ಕೆ ಒಪ್ಪಿಗೆ ಕೊಡಿ.

ನಿಮಗೆ ಬರುವ ಸಂಶಯ ಗೊತ್ತಿದೆ. ಒಂದೊಂದು ಕ್ಲಸ್ಟರಿನಲ್ಲಿ ಒಂದೊಂದು ಸಾಲು ಆದರೆ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನ, ಹೇಗೆ? ಮಗು ಬೇರೆ ಶಾಲೆಗೆ ಹೋದರೆ ಹೇಗೆ? ಮೊದಲನೆಯದಕ್ಕೆ, ಈ ಮೌಲ್ಯಮಾಪನದ ಚಟುವಟಿಕೆಗಳನ್ನು ಶಾಲೆಯಲ್ಲಿ ನಾವೇ ಮಾಡಿಸುತ್ತೇವೆ. ಪಾಠದ ಸಂಖ್ಯೆಯ ಬದಲು ಕಲಿಕಾ ಫಲ ಬರೆದು ದಾಖಲಿಸಿದರೆ ಆಯಿತು. ಸೆಪ್ಟೆಂಬರ್ ಹೊತ್ತಿನ ಸಂಕಲನಾತ್ಮಕ ಪರೀಕ್ಷೆಗೆ ಕ್ಲಸ್ಟರ್ ಮಟ್ಟದಲ್ಲೇ ಪ್ರಶ್ನೆ ತೆಗೆಯಬಹುದು. ಎರಡನೆಯದಕ್ಕೆ, ಸುತ್ತಲಿನ ಶಾಲೆಗಳದ್ದೆಲ್ಲ ಒಂದೇ ಹಂಚಿಕೆ ಆದರೆ ತೊಂದರೆ ಕಡಿಮೆ. ದೂರಕ್ಕೆ ಹೋದವರಿಗೆ ಒಂದೆರಡು ಪಾಠ ಹಿಂದುಮುಂದಾಗಬಹುದು. ವಿಜ್ಞಾನದಲ್ಲಿ ಕಪ್ಪೆ ಮುಂಚೆ ಬಂದರೂ ನೆರಳು ಆಮೇಲೆ ಬಂದರೂ ಚಿಕ್ಕ ಮಕ್ಕಳಿಗೆ ನಷ್ಟವಿಲ್ಲ.

ಇದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ತಾವೇ ಕಾರ್ಡು ಬರೆದು ನಲಿ-ಕಲಿ ಶುರುಮಾಡಿದರು. ಯುನಿಸೆಫ್ ನೆರವಾಯಿತು, ಇಲಾಖೆ ನಂಬಿ ಬಿಟ್ಟಿತು. ಆಮೇಲೆ ಅದೇ ಇಡೀ ರಾಜ್ಯದ ಪದ್ಧತಿಯಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎನ್ನುತ್ತದೆ. ನಾವು ಕೇಳುತ್ತಿರುವುದು ಅದಕ್ಕಿಂತ ತೀರಾ ಸಣ್ಣದು.

ಮಳೆ ರಜೆಯ ವಿಷಯವೂ ಇದಕ್ಕೆ ಸೇರಿದ್ದೇ. ಜುಲೈ, ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಹಳ್ಳ ದಾಟಿ, ಕಾಲುಸಂಕ ದಾಟಿ ಬರುವ ಮಕ್ಕಳಿಗೆ ಅದು ಬೇಕೇ ಬೇಕು. ಆ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಸುಮ್ನೆ ಕೂರಿಸಿ ತುಂಬಿಸುವ ಬದಲು, ನವೆಂಬರ್ ಡಿಸೆಂಬರಿನಲ್ಲಿ ಹೊರಗಿನ ಪಾಠದ ದಿನಗಳಾಗಿ ತುಂಬಿಸಲು ಬಿಡಿ. ಗದ್ದೆ ಕೊಯ್ಲು, ಇಬ್ಬನಿ, ಜೇಡನ ಬಲೆ, ಎಲ್ಲ ಆಗ ಕಣ್ಣೆದುರಿಗೇ ಇರುತ್ತವೆ. ಏಕೋಪಾಧ್ಯಾಯ ಶಾಲೆಗಳಿಗೆ ಇದು ಕಷ್ಟ ಎಂಬುದು ನಿಜ. ಒಬ್ಬರೇ ಇದ್ದು ಐದು ತರಗತಿ ನೋಡುವವರು ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಹೇಗೆ? ಆ ದಿನಗಳಿಗೆ ಕ್ಲಸ್ಟರಿನಿಂದ ಇನ್ನೊಬ್ಬರನ್ನು ಕಳಿಸಿ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ತಾಯಂದಿರನ್ನು ಜೊತೆಗೆ ಕರೆದುಕೊಳ್ಳಲು ಅವಕಾಶ ಕೊಡಿ.

ಮುಂದಿನ ಶಾಲಾ ವರ್ಷಕ್ಕೆ ಸಮಯ ಇದೆ. ಜೂನ್ ಮೊದಲ ವಾರದ ಸಮಾಲೋಚನಾ ಸಭೆಯನ್ನು ಪೂರ್ತಿಯಾಗಿ ಈ ಕೆಲಸಕ್ಕೇ ಇಡಿ. ಪ್ರತಿ ಕ್ಲಸ್ಟರಿನ ಶಿಕ್ಷಕರು ಕೂತು, ಊರಿನ ಒಬ್ಬ ಹಿರಿಯ ರೈತರನ್ನೋ ರೈತ ಮಹಿಳೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿಯ ವರ್ಷ ಬರೆದು, ಅದರ ಎದುರು ಪಾಠಗಳನ್ನು ಹೊಂದಿಸಲಿ. ಡಯಟ್‌ನವರು ಅದನ್ನು ನೋಡಿ, ಬಿಟ್ಟುಹೋದ ಕಲಿಕಾ ಫಲ ಇದ್ದರೆ ತಿಳಿಸಲಿ. ಭೇಟಿಯ ನಮೂನೆಯಲ್ಲಿ "ಎಷ್ಟನೇ ಪಾಠ" ಎಂಬಲ್ಲಿ "ಈ ವಾರ ಮಕ್ಕಳು ಏನು ನೋಡಿದರು, ಏನು ಅಳೆದರು" ಎಂದು ಬದಲಾಯಿಸಿ. ಶಾಲಾ ಅನುದಾನದಲ್ಲಿ ಭೂತಗನ್ನಡಿ, ಅಳತೆ ಟೇಪು, ತಕ್ಕಡಿ ಕೊಳ್ಳಲು ಅಡ್ಡಿಯಿಲ್ಲ ಎಂದು ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿ. ಇಡೀ ಜಿಲ್ಲೆಗೆ ಒಂದೇ ಸಲ ಬೇಡ ಅನಿಸಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ತಾಲ್ಲೂಕಿಗೊಂದು ಕ್ಲಸ್ಟರಿನಿಂದ ಶುರುಮಾಡಿ. ನಮ್ಮ ಕ್ಲಸ್ಟರಿನ ಹಂಚಿಕೆಯ ಕರಡನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಕರೆದ ದಿನ ತಂದು ತೋರಿಸುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ